ಮೈಸೂರಿನ ತರಕಾರಿ, ಮಂಗಳೂರಿನ ತೆಂಗಿನಕಾಯಿ: ಬೆಲೆ ಏರಿಕೆಯನ್ನು ಮನೆಯಲ್ಲೇ ಅಳೆಯುವುದು ಹೇಗೆ?

2025ರ ನವೆಂಬರ್‌ನಲ್ಲಿ ಒಂದು ಸಂಜೆ ಮಂಗಳೂರಿನ ಅಕ್ಕನಿಗೆ ಫೋನ್ ಮಾಡಿದ್ದೆ. ಮಾತಿನ ಮಧ್ಯೆ ಹೇಳಿದೆ: ಅಕ್ಟೋಬರ್ ತಿಂಗಳ ಹಣದುಬ್ಬರ ಇಡೀ ದೇಶಕ್ಕೆ ಸೇರಿ ಶೇ. 0.25 ಅಂತೆ, 2012 ಅನ್ನು ಮೂಲ ವರ್ಷ ಮಾಡಿಕೊಂಡ ಸರಣಿಯಲ್ಲಿ ಇಷ್ಟು ಕಡಿಮೆ ಹಿಂದೆಂದೂ ಬಂದಿರಲಿಲ್ಲವಂತೆ. ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: "ಅದು ಯಾವ ಊರಿನ ಲೆಕ್ಕ ಮಾರಾಯ? ಇಲ್ಲಿ ಕಾಯಿ ಒಡೆಯುವಾಗ ಕೈ ನಡುಗ್ತದೆ."

ಅವಳ ಮಾತೂ ಸುಳ್ಳಲ್ಲ, ಸರ್ಕಾರದ ಅಂಕಿಯೂ ಸುಳ್ಳಲ್ಲ. ಅದೇ ದಿನ ಬಂದ ಅದೇ ಪ್ರಕಟಣೆಯಲ್ಲಿ ಕೇರಳಕ್ಕೆ ಶೇ. 8.56 ಅಂತ ಇತ್ತು. ಕರ್ನಾಟಕಕ್ಕೆ ಶೇ. 2.34. ತರಕಾರಿ ಮಾತ್ರ ನೋಡಿದರೆ ದೇಶದ ಮಟ್ಟದಲ್ಲಿ ಒಂದು ವರ್ಷದಲ್ಲಿ ಶೇ. 27ಕ್ಕಿಂತ ಜಾಸ್ತಿ ಇಳಿದಿತ್ತು. ಒಂದು ಕಡೆ ತರಕಾರಿ ಕೆಳಗೆ ಎಳೆಯುತ್ತಿದೆ, ಇನ್ನೊಂದು ಕಡೆ ತೆಂಗು, ಚಿನ್ನ ಮೇಲೆ ಎಳೆಯುತ್ತಿವೆ. ಯಾರ ಮನೆಯಲ್ಲಿ ಯಾವುದು ಜಾಸ್ತಿ ಖರ್ಚಾಗುತ್ತದೋ ಆ ಮನೆಗೆ ಆ ಅಂಕಿ.

ಆಮೇಲೆ ನಾವಿಬ್ಬರೂ ಒಂದೊಂದು ನೋಟ್‌ಬುಕ್ ಇಟ್ಟೆವು. ಅದರಲ್ಲಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬೇಕಾಗುವುದು ನೋಟ್‌ಬುಕ್, ಕ್ಯಾಲ್ಕ್ಯುಲೇಟರ್, ಸ್ವಲ್ಪ ಹಳೇ ಬಿಲ್ಲುಗಳು. ಹಳೇ ಬಿಲ್ ಇಲ್ಲದಿದ್ದರೆ ಇವತ್ತಿಂದ ಶುರು ಮಾಡಿ, ಮುಂದಿನ ವರ್ಷ ಉತ್ತರ ಸಿಗುತ್ತದೆ.

ಹೆಜ್ಜೆ 1: "ದುಬಾರಿ" ಬೇರೆ, "ಏರಿಕೆ" ಬೇರೆ

ಬಹಳ ಜನ ಎಡವುವುದು ಇಲ್ಲೇ. ಬೆಂಗಳೂರು ದುಬಾರಿ ಊರು, ಹಾಗಾಗಿ ಅಲ್ಲಿ ಹಣದುಬ್ಬರ ಜಾಸ್ತಿ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಹಣದುಬ್ಬರ ಹೇಳುವುದು ಹೋದ ವರ್ಷ ಇದೇ ತಿಂಗಳಿಗೂ ಈಗಿಗೂ ಎಷ್ಟು ವ್ಯತ್ಯಾಸ ಅಂತ, ಅಷ್ಟೇ. ದುಬಾರಿ ಊರಲ್ಲಿ ಬೆಲೆ ಅಲ್ಲಾಡದೆ ನಿಂತಿರಬಹುದು. ಅಗ್ಗದ ಊರಲ್ಲಿ ಓಡುತ್ತಿರಬಹುದು.

ಸೂಚ್ಯಂಕದಲ್ಲೂ, ಅಂದರೆ ಬೆಲೆ ಏರಿಕೆ ಅಳೆಯಲು ಸರ್ಕಾರ ಪ್ರಕಟಿಸುವ ಅಂಕಿಯಲ್ಲೂ, ಇದೇ ಗೊಂದಲ. ಗ್ರಾಹಕ ಬೆಲೆ ಸೂಚ್ಯಂಕದ ಹಳೆಯ ಸರಣಿಯಲ್ಲಿ 2012ರ ಬೆಲೆಯನ್ನು 100 ಅಂತ ಇಟ್ಟಿದ್ದರು. ಕರ್ನಾಟಕಕ್ಕೂ 100, ಬಿಹಾರಕ್ಕೂ 100. ಅಂದರೆ ಪ್ರತಿಯೊಂದು ರಾಜ್ಯವೂ ತನ್ನದೇ ಗೋಡೆಯ ಮೇಲೆ ಗೀಟು ಹಾಕಿಕೊಂಡ ಹಾಗೆ. ನಮ್ಮ ಮನೆ ಹುಡುಗ ಗೀಟಿಗಿಂತ ನಾಲ್ಕು ಇಂಚು ಬೆಳೆದ, ಪಕ್ಕದ ಮನೆಯವನು ಮೂರು ಇಂಚು ಬೆಳೆದ ಅಂದಮಾತ್ರಕ್ಕೆ ಯಾರು ಎತ್ತರ ಅಂತ ಹೇಳೋಕಾಗುತ್ತದಾ? ಆದ್ದರಿಂದ ಎರಡು ರಾಜ್ಯದ ಸೂಚ್ಯಂಕವನ್ನು ಅಕ್ಕಪಕ್ಕ ಇಟ್ಟು "ಇದು ದುಬಾರಿ ರಾಜ್ಯ" ಅನ್ನಬೇಡಿ. 2024 ಅನ್ನು ಮೂಲ ವರ್ಷ ಮಾಡಿಕೊಂಡ ಹೊಸ ಸರಣಿಗೂ ಇದೇ ಮಾತು.

ಹಾಗಾದರೆ ಯಾವ ಊರು ದುಬಾರಿ ಅಂತ ತಿಳಿಯುವುದು ಹೇಗೆ? ಅದಕ್ಕೆ ಒಂದೇ ದಿನ, ಒಂದೇ ಸಾಮಾನಿಗೆ ಎರಡು ಊರಲ್ಲಿ ಬೆಲೆ ಕೇಳಬೇಕು. ಸರ್ಕಾರದ ಕಡೆ ಇದಕ್ಕೆ ಹತ್ತಿರದ ಒಂದು ಹಳೇ ಲೆಕ್ಕ ಇದೆ. ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಬಡತನ ರೇಖೆ ಎಳೆಯುವಾಗ ಆಯಾ ರಾಜ್ಯದ ಬೆಲೆಗಳನ್ನು ಲೆಕ್ಕಕ್ಕೆ ತಗೊಂಡಿದ್ದರು. 2011-12ಕ್ಕೆ ಆ ರೇಖೆ ತಲೆಗೆ, ತಿಂಗಳಿಗೆ ಕರ್ನಾಟಕದ ಹಳ್ಳಿಯಲ್ಲಿ 902 ರೂಪಾಯಿ, ಪಟ್ಟಣದಲ್ಲಿ 1,089. ಬಿಹಾರದಲ್ಲಿ 778 ಮತ್ತು 923. ರೇಖೆ ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ನೋಡಬೇಕಾದ್ದು ಅಂತರವನ್ನು: ಅದೇ ಬದುಕಿಗೆ ನಮ್ಮ ಹಳ್ಳಿಯಲ್ಲಿ ಬಿಹಾರದ ಹಳ್ಳಿಗಿಂತ ಸುಮಾರು ಶೇ. 16 ಜಾಸ್ತಿ ಬೇಕಿತ್ತು. ಕೇರಳದ್ದು ಇನ್ನೂ ಮಜಾ, ಅಲ್ಲಿ ಹಳ್ಳಿಗೆ 1,018, ಪಟ್ಟಣಕ್ಕೆ 987. ಹಳ್ಳಿಯೇ ದುಬಾರಿ!

ಹೆಜ್ಜೆ 2: ನಿಮ್ಮ ಬುಟ್ಟಿಯಲ್ಲಿ ಏನು ಎಷ್ಟಿದೆ ಬರೆಯಿರಿ

ಒಂದು ತಿಂಗಳ ಖರ್ಚನ್ನು ಎಂಟು-ಹತ್ತು ಗುಂಪು ಮಾಡಿ. ಒಟ್ಟು ಖರ್ಚಿನಲ್ಲಿ ಪ್ರತಿ ಗುಂಪಿನ ಪಾಲು ನೂರಕ್ಕೆ ಎಷ್ಟು ಅಂತ ಬರೆಯಿರಿ. ಇದಕ್ಕೆ "ತೂಕ" ಅಂತಾರೆ.

ಹೋಲಿಸಿ ನೋಡಲು ದೇಶದ ಬುಟ್ಟಿ ಹೇಗಿತ್ತು ನೋಡಿ. 2012ರ ಸರಣಿಯಲ್ಲಿ ಆಹಾರ, ಪಾನೀಯಕ್ಕೆ 45.86, ಮನೆ ಬಾಡಿಗೆಗೆ 10.07, ಬಟ್ಟೆ ಚಪ್ಪಲಿಗೆ 6.53, ಉರುವಲು ಕರೆಂಟಿಗೆ 6.84, ಬೀಡಿ, ಎಲೆ-ಅಡಿಕೆ, ಮದ್ಯ ಇತ್ಯಾದಿಗೆ 2.38. ಉಳಿದ 28.32 ಆಸ್ಪತ್ರೆ, ಶಾಲೆ, ಬಸ್ಸು, ಪೆಟ್ರೋಲು, ಮೊಬೈಲು, ಚಿನ್ನ ಎಲ್ಲ ಸೇರಿ. ಹಳ್ಳಿ ಮತ್ತು ಪಟ್ಟಣ ಬಿಡಿಸಿ ನೋಡಿದರೆ ಆಹಾರದ ತೂಕ ಹಳ್ಳಿಯಲ್ಲಿ 54.18, ಪಟ್ಟಣದಲ್ಲಿ 36.29. ಹಳ್ಳಿಗೆ ಬಾಡಿಗೆಯ ಲೆಕ್ಕವೇ ಇರಲಿಲ್ಲ, ಪಟ್ಟಣದಲ್ಲಿ ಮಾತ್ರ 21.67 ಇತ್ತು. ಈ ತೂಕಗಳು 2011-12ರ ಸಮೀಕ್ಷೆಯವು, ಅಂದರೆ ನಾವು ಇಂಟರ್‌ನೆಟ್ಟಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಮೊದಲಿನವು. ಹೊಸ ಸರಣಿಗೆ 2023-24ರ ಮನೆ ಖರ್ಚಿನ ಸಮೀಕ್ಷೆಯ ತೂಕ ಹಾಕಿದ್ದಾರೆ, ಆಹಾರದ ಪಾಲು ಇಳಿದಿದೆ.

ನಿಮ್ಮ ಬುಟ್ಟಿ ಇದಕ್ಕೆ ಹೊಂದುವುದಿಲ್ಲ. ಹೊಂದಬೇಕಾಗಿಯೂ ಇಲ್ಲ. ಕಲಬುರಗಿಯ ಮನೆಯಲ್ಲಿ ಜೋಳ, ತೊಗರಿ. ಮಂಡ್ಯದಲ್ಲಿ ರಾಗಿ. ಕರಾವಳಿಯಲ್ಲಿ ಕುಚ್ಚಲಕ್ಕಿ, ಮೀನು, ಕಾಯಿ. "ಅಕ್ಕಿ ಬೆಲೆ ಏರಿತು" ಅಂದಾಗ ಯಾವ ಅಕ್ಕಿ ಅಂತ ಕೇಳಬೇಕು. ಸೋನಾ ಮಸೂರಿ ಏರಿದ ತಿಂಗಳೇ ಕುಚ್ಚಲಕ್ಕಿ ಏರಬೇಕೆಂದಿಲ್ಲ.

ಹೆಜ್ಜೆ 3: ಬೆಲೆ ಬರೆಯುವಾಗ ಅಳತೆಯನ್ನೂ ಬರೆಯಿರಿ

ನನ್ನ ಮೊದಲ ಮೂರು ತಿಂಗಳ ಲೆಕ್ಕ ಕೆಟ್ಟಿದ್ದು ಇದರಿಂದಲೇ. ನಾನು ಮೈಸೂರಿನಲ್ಲಿ ತೆಂಗಿನಕಾಯಿ ಒಂದಕ್ಕೆ ಇಷ್ಟು ಅಂತ ಬರೆದಿದ್ದೆ. ಅಕ್ಕ ಕೆಜಿಗೆ ಇಷ್ಟು ಅಂತ ಬರೆದಿದ್ದಳು, ಅಲ್ಲಿ ಕಾಯಿ ತೂಗಿ ಕೊಡುತ್ತಾರೆ. ಎರಡನ್ನೂ ಹೋಲಿಸಿ "ನಿಮ್ಮೂರಲ್ಲೇ ಜಾಸ್ತಿ" ಅಂತ ಜಗಳ ಆಡಿದ್ದೂ ಆಯಿತು. ಕೊನೆಗೆ ನಾನು ನಾಲ್ಕು ಕಾಯಿ ತೂಕಕ್ಕೆ ಹಾಕಿ ನೋಡಿದೆ. ನಾಲ್ಕೂ ಬೇರೆ ಬೇರೆ ತೂಕ! ಈಗ ಇಬ್ಬರೂ ಕೆಜಿ ಲೆಕ್ಕದಲ್ಲೇ ಬರೆಯುತ್ತೇವೆ.

ಸೊಪ್ಪಿನ ಕಟ್ಟು ಇದಕ್ಕಿಂತ ಕಳ್ಳ. ಬೇಸಿಗೆಯಲ್ಲಿ ಬೆಲೆ ಏರುವ ಮೊದಲು ಕಟ್ಟು ಸಣ್ಣದಾಗುತ್ತದೆ. ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ ಗ್ರಾಂ ಬರೆದಿಡಿ.

ಪ್ಯಾಕೆಟ್ ಸಾಮಾನಿಗೂ ಇದೇ ನಿಯಮ. 2024ರ ಜೂನ್ ನೆನಪಿದೆಯಾ? ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ 22ರಿಂದ 24 ರೂಪಾಯಿ ಆಯಿತು, ಜೊತೆಗೆ 50 ಮಿಲಿ ಹಾಲೂ ಜಾಸ್ತಿ ಹಾಕಿದರು. ಬೆಲೆ ಏರಿತೋ ಇಲ್ಲವೋ ಅಂತ ಊರೆಲ್ಲ ಚರ್ಚೆ. ಭಾಗಿಸಿ ನೋಡಿದರೆ ಮೊದಲು ಲೀಟರಿಗೆ 44 ರೂಪಾಯಿ ಬೀಳುತ್ತಿತ್ತು, ಆಮೇಲೆ 550 ಮಿಲಿಗೆ 24 ಅಂದರೆ ಲೀಟರಿಗೆ 43.64. ಬೆಲೆ ಏರಲಿಲ್ಲ. ಆದರೆ ದಿನಾ ಒಂದು ಪ್ಯಾಕೆಟ್ ತಗೊಳ್ಳುವವರ ಖರ್ಚು ಏರಿತು. ಎರಡೂ ನಿಜ, ಹಣದುಬ್ಬರದ ಲೆಕ್ಕಕ್ಕೆ ಬೇಕಾಗಿರುವುದು ಮೊದಲನೆಯದು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿ, ಆ ಹೆಚ್ಚುವರಿ 50 ಮಿಲಿ ನಿಲ್ಲಿಸಿದರು. ಸುಮ್ನೆ ಪ್ಯಾಕೆಟ್ ಬೆಲೆ ಬರೆದುಕೊಂಡವರಿಗೆ ಎರಡೂ ಸಲ ತಪ್ಪು ಉತ್ತರ ಸಿಕ್ಕಿರುತ್ತದೆ: ಮೊದಲ ಸಲ ಏರಿಕೆ ಜಾಸ್ತಿ ಕಂಡಿರುತ್ತದೆ, ಎರಡನೇ ಸಲ ಕಡಿಮೆ.

ಉಳಿದಂತೆ ಅದೇ ಅಂಗಡಿ, ಅದೇ ಬ್ರಾಂಡು, ಸಾಧ್ಯವಾದರೆ ತಿಂಗಳ ಅದೇ ವಾರ. ಹಳೆಯ ಸರಣಿಗೆ ಸರ್ಕಾರದ ಸಿಬ್ಬಂದಿ ಪಟ್ಟಣಗಳ 1,114 ಮಾರುಕಟ್ಟೆ ಮತ್ತು 1,181 ಹಳ್ಳಿಗಳಲ್ಲಿ ಬೆಲೆ ಕೇಳುತ್ತಿದ್ದುದೂ ಹೀಗೇ, ಗೊತ್ತುಮಾಡಿದ ಅಂಗಡಿ, ಗೊತ್ತುಮಾಡಿದ ಸಾಮಾನು. ಹಳೇ ತರಕಾರಿ ಬೆಲೆ ಮರೆತಿದ್ದರೆ ಹಾಪ್‌ಕಾಮ್ಸ್ ದರಪಟ್ಟಿ, ಕೃಷಿ ಮಾರಾಟ ವಾಹಿನಿ ನೋಡಿ. ಎರಡನೆಯದರಲ್ಲಿ ಸಿಗುವುದು ಎಪಿಎಂಸಿಯ ಸಗಟು ಬೆಲೆ, ಅದನ್ನು ಅಂಗಡಿ ಬೆಲೆ ಜೊತೆ ಬೆರೆಸಬೇಡಿ.

ಹೆಜ್ಜೆ 4: ಗುಣಿಸಿ, ಕೂಡಿ

ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ದುಂಡು ಅಂಕಿ ಹಾಕಿದ್ದೇನೆ, ಯಾವ ಮನೆಯದ್ದೂ ಅಲ್ಲ. ತಿಂಗಳಿಗೆ 20,000 ರೂಪಾಯಿ ಖರ್ಚಿನ ಒಂದು ಬಾಡಿಗೆ ಮನೆ. ಮೊದಲ ಅಂಕಿ ತೂಕ, ಎರಡನೆಯದು ಒಂದು ವರ್ಷದ ಬೆಲೆ ಬದಲಾವಣೆ.

- ತರಕಾರಿ: 8, ಇಳಿಕೆ ಶೇ. 25
- ಅಕ್ಕಿ, ರಾಗಿ, ಬೇಳೆ: 10, ಇಳಿಕೆ ಶೇ. 3
- ಗ್ಯಾಸ್, ಕರೆಂಟ್: 6, ಏರಿಕೆ ಶೇ. 2
- ಔಷಧಿ, ಸೋಪು, ಮೊಬೈಲು: 6, ಏರಿಕೆ ಶೇ. 4
- ಬಾಡಿಗೆ: 35, ಏರಿಕೆ ಶೇ. 5
- ಬಸ್ಸು, ಪೆಟ್ರೋಲು: 9, ಏರಿಕೆ ಶೇ. 6
- ಹಾಲು, ಮೊಸರು: 9, ಏರಿಕೆ ಶೇ. 8
- ಸ್ಕೂಲ್ ಫೀಸು, ಟ್ಯೂಷನ್: 12, ಏರಿಕೆ ಶೇ. 10
- ಕಾಯಿ, ಎಣ್ಣೆ: 5, ಏರಿಕೆ ಶೇ. 40

ಪ್ರತಿ ಸಾಲಿನಲ್ಲೂ ತೂಕವನ್ನು ಬದಲಾವಣೆಯಿಂದ ಗುಣಿಸಿ 100ರಿಂದ ಭಾಗಿಸಿ. ತರಕಾರಿಗೆ 8 × 25 ÷ 100 = 2, ಇಳಿಕೆ ಆದ್ದರಿಂದ ಕಳೆಯಬೇಕು. ಕಾಯಿ, ಎಣ್ಣೆಗೆ 5 × 40 ÷ 100 = 2, ಇದನ್ನು ಕೂಡಬೇಕು. ಎಲ್ಲ ಸೇರಿಸಿದರೆ ಶೇ. 4.27 ಬರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ತರಕಾರಿ ಎರಡು ಅಂಶ ಕಳೆಯಿತು, ಕಾಯಿ ಎರಡು ಅಂಶ ಕೂಡಿಸಿತು. ಒಂದಕ್ಕೊಂದು ಹೊಡೆದುಹಾಕಿ 4.27 ಅನ್ನುವ ಸಾಧು ಅಂಕಿ ಬಂತು. ಮುಂದಿನ ವರ್ಷ ತರಕಾರಿ ತಿರುಗಿಬಿದ್ದರೆ ಇದೇ ಮನೆಯ ಅಂಕಿ ಎಲ್ಲಿಗೆ ಹೋಗಿ ನಿಲ್ಲುತ್ತದೋ!

ಹೆಜ್ಜೆ 5: ಇದೇ ಬೆಲೆಯನ್ನು ಬೇರೆ ಊರಿನ ಬುಟ್ಟಿಗೆ ಹಾಕಿ ನೋಡಿ

ಬೆಲೆಗಳು ಇವೇ ಇರಲಿ. ಬುಟ್ಟಿ ಮಾತ್ರ ಕರಾವಳಿಯದ್ದು ಅಂದುಕೊಳ್ಳಿ: ಕಾಯಿ, ಎಣ್ಣೆಯ ತೂಕ 5ರ ಬದಲು 10, ಬಾಡಿಗೆ 35ರ ಬದಲು 30. ಬೇರೇನೂ ಬದಲಿಲ್ಲ. ಕೂಡಿದರೆ ಶೇ. 6.02!

ಒಂದು ಅಂಗಡಿಯಲ್ಲೂ ಬೆಲೆ ಬೇರೆ ಇಲ್ಲ, ಆದರೂ ಎರಡು ಮನೆಗೆ ಒಂದೂಮುಕ್ಕಾಲು ಅಂಶದ ಅಂತರ. 2025ರ ಅಕ್ಟೋಬರ್‌ನಲ್ಲಿ ಕೇರಳ ಒಂಟಿಯಾಗಿ ಮೇಲೆ ನಿಂತದ್ದರಲ್ಲಿ ತೆಂಗಿನೆಣ್ಣೆ ಮತ್ತು ಚಿನ್ನದ ಪಾಲು ದೊಡ್ಡದು. ಆ ವರ್ಷ ಎರಡರ ಬೆಲೆಯೂ ಹುಚ್ಚೆದ್ದು ಓಡಿತ್ತು. ತಿಪಟೂರಿನ ಕೊಬ್ಬರಿ ಬೆಳೆಗಾರರಿಗೆ ಅದೇ ವರ್ಷ ಒಳ್ಳೇ ಕಾಲ. ಅಕ್ಕನ ಅಡುಗೆಮನೆಯ ಹಣದುಬ್ಬರ ಇನ್ನೊಬ್ಬರ ತೋಟದ ಆದಾಯ.

ಹೆಜ್ಜೆ 6: ಗಲಾಟೆ ಸೋಸಿ, ಅಡಿಯಲ್ಲಿ ಏನಿದೆ ನೋಡಿ

ಈಗ ನಿಜವಾದ ಪ್ರಶ್ನೆ. ಟೊಮೆಟೊ, ಕಾಯಿ ಹಾರಾಟ ಬಿಟ್ಟರೆ ಜೀವನ ವೆಚ್ಚ ಯಾವ ವೇಗದಲ್ಲಿ ಏರುತ್ತಿದೆ?

ಯಾಕೆ ಸೋಸಬೇಕು ಅಂತ ತಿಳಿಯಲು 2023ರ ಜುಲೈ ಸಾಕು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ದೇಶದ ಹಣದುಬ್ಬರ ಆ ತಿಂಗಳು ಶೇ. 7.44. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ ಹೊತ್ತಿಗೆ, ಶೇ. 5.02ಕ್ಕೆ ಇಳಿಯಿತು. ಬಾಡಿಗೆ ಇಳಿಯಿತಾ? ಫೀಸು ಇಳಿಯಿತಾ? ಇಲ್ಲ. ಆಗಿನ ಬುಟ್ಟಿಯಲ್ಲಿ ಟೊಮೆಟೊ ತೂಕ 0.57 ಮಾತ್ರ, ಅಷ್ಟು ಪುಟ್ಟದು ಇಡೀ ಗಾಡಿಯನ್ನು ಅಲ್ಲಾಡಿಸಿತ್ತು. ಶೇ. 4ರ ಗುರಿ, ಆಚೆ ಈಚೆ ಎರಡು ಅಂಶ ಅಂತ ಇಟ್ಟುಕೊಂಡಿರುವ ಆರ್‌ಬಿಐ ಟೊಮೆಟೊ ನೋಡಿ ಬಡ್ಡಿ ಏರಿಸಿದರೆ ಗಿಡ ಬೇಗ ಕಾಯಿ ಬಿಡುತ್ತದಾ?

ಸೋಸಲು ಮೂರು ದಾರಿ.

*ತೆಗೆದುಹಾಕುವುದು.* ಆಹಾರ, ಉರುವಲು, ಕರೆಂಟು ಬಿಟ್ಟು ಉಳಿದದ್ದರ ಸರಾಸರಿ. ಪೇಪರಿನಲ್ಲಿ "ಕೋರ್ ಹಣದುಬ್ಬರ" ಅಂತ ಬರುವುದು ಸಾಮಾನ್ಯವಾಗಿ ಇದೇ. ನಮ್ಮ ಮನೆ ಲೆಕ್ಕದಲ್ಲಿ ಉಳಿಯುವುದು ಬಾಡಿಗೆ, ಬಸ್ಸು, ಫೀಸು, ಔಷಧಿ. ಒಟ್ಟು ತೂಕ 62. ಅವುಗಳ ಪಾಲು 3.73, ಅದನ್ನು 62ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 6.

*ಎರಡೂ ತುದಿ ಕತ್ತರಿಸುವುದು.* ಬದಲಾವಣೆಯ ಪ್ರಕಾರ ಕೆಳಗಿಂದ ಮೇಲಕ್ಕೆ ಜೋಡಿಸಿ (ಮೇಲಿನ ಪಟ್ಟಿ ಹಾಗೇ ಇದೆ). ಎರಡೂ ತುದಿಯಲ್ಲಿ ಎಂಟೆಂಟು ತೂಕ ತೆಗೆಯಿರಿ. ಕೆಳಗೆ ತರಕಾರಿ ಪೂರ್ತಿ ಹೋಯಿತು. ಮೇಲೆ ಕಾಯಿಯ 5, ಫೀಸಿನಲ್ಲಿ 3 ಹೋಯಿತು. ಉಳಿದ 84 ತೂಕದ ಸರಾಸರಿ ಸುಮಾರು ಶೇ. 4.7.

*ಮಧ್ಯಾಂಕ.* ಅದೇ ಜೋಡಣೆಯಲ್ಲಿ ತೂಕ ಕೂಡುತ್ತಾ ಬನ್ನಿ: 8, 18, 24, 30, 65. ಐವತ್ತು ದಾಟಿದ ಸಾಲು ಬಾಡಿಗೆ, ಅದರ ಏರಿಕೆ ಶೇ. 5. ಆ 5 ಈ ದಾರಿಯ ಉತ್ತರ. ಅಮೆರಿಕದಲ್ಲಿ ಕ್ಲೀವ್‌ಲ್ಯಾಂಡಿನ ಫೆಡರಲ್ ರಿಸರ್ವ್ ಬ್ಯಾಂಕ್ ತಿಂಗಳು ತಿಂಗಳು ಇಂಥ ಮಧ್ಯಾಂಕ ಪ್ರಕಟಿಸುತ್ತದೆ.

ಈಗ ಕರಾವಳಿಯ ಬುಟ್ಟಿಗೆ ಮಧ್ಯಾಂಕ ಹಾಕಿ: 8, 18, 24, 30, 60. ಮತ್ತೆ ಬಾಡಿಗೆ, ಮತ್ತೆ ಶೇ. 5. ಮೇಲ್ನೋಟಕ್ಕೆ ಒಂದು ಮನೆ 4.27, ಇನ್ನೊಂದು 6.02. ಸೋಸಿದ ಮೇಲೆ ಎರಡೂ 5! ಊರಿಂದೂರಿಗೆ ಕಂಡ ಅಂತರವೆಲ್ಲ ಕಾಯಿಯದ್ದು, ಅಡಿಯ ನೀರು ಒಂದೇ.

ನನ್ನ ಓಟು ಮಧ್ಯಾಂಕಕ್ಕೆ. ಆಹಾರ ತೆಗೆದುಹಾಕುವ ದಾರಿ ನಮಗೆ ಒಗ್ಗುವುದಿಲ್ಲ. ಅರ್ಧ ಬುಟ್ಟಿ ಆಚೆ ಎಸೆದು ಉಳಿದದ್ದಕ್ಕೆ "ತಿರುಳು" ಅಂತ ಹೆಸರಿಟ್ಟ ಹಾಗಾಗುತ್ತದೆ. ಹಾಲು ಆಹಾರವೇ, ಆದರೆ ಅದು ಟೊಮೆಟೊ ಥರ ಏರಿಳಿಯುವುದಿಲ್ಲ, ಏರಿದರೆ ಏರಿದ್ದೇ. ಅದನ್ನು ಯಾಕೆ ಬಿಡಬೇಕು? ಇನ್ನೊಂದು ಕಡೆ, ಚಿನ್ನ ಆಹಾರವಲ್ಲ, ಹಾಗಾಗಿ "ಕೋರ್" ಒಳಗೇ ಕೂತಿರುತ್ತದೆ. 2025ರಲ್ಲಿ ಆಹಾರ ಇಳಿಯುತ್ತಿದ್ದಾಗ ಕೋರ್ ಶೇ. 4ರ ಮೇಲೇ ನಿಂತದ್ದಕ್ಕೆ ದೊಡ್ಡ ಕಾರಣ ಚಿನ್ನ. 2012ರ ಬುಟ್ಟಿಯಲ್ಲಿ ಅದರ ತೂಕ 1.08 ಅಷ್ಟೇ. ಮಧ್ಯಾಂಕಕ್ಕೆ ಹೆಸರಿನ ಹಂಗಿಲ್ಲ, ಆ ತಿಂಗಳು ಯಾರು ಕುಣಿಯುತ್ತಾರೋ ಅವರನ್ನು ಅಂಚಿಗೆ ಸರಿಸುತ್ತದೆ.

ಆದರೆ ಒಂದು ತೊಂದರೆ ಇದೆ. ಬಾಡಿಗೆಯಂಥ ದೊಡ್ಡ ಗುಂಪು ಇದ್ದರೆ ಮಧ್ಯಾಂಕ ಅಂದರೆ ಹೆಚ್ಚುಕಡಿಮೆ ಬಾಡಿಗೆಯೇ ಆಗಿಬಿಡುತ್ತದೆ. ಸ್ವಂತ ಮನೆಯವರು ಬಾಡಿಗೆ ಸಾಲು ತೆಗೆದು ನೋಡಿ: ಉಳಿದ 65ರ ಅರ್ಧ 32.5, ಅದನ್ನು ದಾಟುವುದು ಬಸ್ಸು-ಪೆಟ್ರೋಲು, ಉತ್ತರ ಶೇ. 6. ದೊಡ್ಡ ಗುಂಪುಗಳನ್ನು ಒಡೆದಷ್ಟೂ ಲೆಕ್ಕ ಚೊಕ್ಕವಾಗುತ್ತದೆ. ನಾನೀಗ ಇಪ್ಪತ್ತೆರಡು ಸಾಲು ಇಟ್ಟಿದ್ದೇನೆ. ಹೆಂಡತಿ ನಗುತ್ತಾಳೆ.

ಹೆಜ್ಜೆ 7: ಹೋದ ವರ್ಷದ ನೆರಳು ನೋಡಿ

ಅಕ್ಟೋಬರ್ 2025ರ ತರಕಾರಿ ಇಳಿಕೆಗೆ ವಾಪಸ್ ಬರೋಣ. ಶೇ. 27ಕ್ಕಿಂತ ಜಾಸ್ತಿ ಇಳಿಯಿತು ಅಂದರೆ ಸಂತೆಯಲ್ಲಿ ಪುಕ್ಕಟೆ ಸಿಗಬೇಕಿತ್ತಲ್ವಾ? ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಅದೇ ತರಕಾರಿ ಸುಮಾರು ಶೇ. 42 ಏರಿತ್ತು. 2023ರಲ್ಲಿ 100 ರೂಪಾಯಿಯ ಚೀಲ 2024ಕ್ಕೆ 142 ಆಯಿತು, 2025ಕ್ಕೆ ಸುಮಾರು 103ಕ್ಕೆ ಬಂತು. ಎರಡು ವರ್ಷಕ್ಕೆ ಲೆಕ್ಕ ಹಾಕಿದರೆ ಇಳಿಕೆಯೇ ಇಲ್ಲ. ಹೀಗಾಗಿ ದೊಡ್ಡ ಏರಿಳಿತ ಕಂಡ ಸಾಲಿನ ಮುಂದೆ ಎರಡು ವರ್ಷದ ಹಿಂದಿನ ಬೆಲೆಯನ್ನೂ ಬರೆಯಿರಿ.

ಸರ್ಕಾರಿ ದರಗಳಿಗೆ ಇದರ ಉಲ್ಟಾ. ನಮ್ಮ ಸಾರಿಗೆ ಬಸ್ಸಿನ ಟಿಕೆಟ್ 2025ರ ಜನವರಿ 5ರಿಂದ ಶೇ. 15 ಏರಿತು. ಆ ಶೇ. 15 ಆ ವರ್ಷ ಡಿಸೆಂಬರ್‌ವರೆಗೂ ಪ್ರತಿ ತಿಂಗಳ ಲೆಕ್ಕದಲ್ಲಿ ಕೂತಿರುತ್ತದೆ. 2026ರ ಜನವರಿಯಲ್ಲಿ ದಿಢೀರನೆ ಮಾಯ. ಟಿಕೆಟ್ ಅಗ್ಗವಾಗಿರುವುದಿಲ್ಲ, ಲೆಕ್ಕದಿಂದ ಮಾತ್ರ ಜಾರಿರುತ್ತದೆ. ಇಂಥ ಸಾಲಿಗೆ ನಾನು ಕೆಂಪು ಪೆನ್ನಿನಲ್ಲಿ ದಿನಾಂಕ ಹಾಕುತ್ತೇನೆ. "ಶಕ್ತಿ" ಯೋಜನೆಯಲ್ಲಿ ಓಡಾಡುವ ಹೆಂಗಸರೇ ಜಾಸ್ತಿ ಇರುವ ಮನೆಗೆ ಈ ಸಾಲಿನ ತೂಕವೇ ಕಡಿಮೆ, ಅದನ್ನೂ ನೋಡಿಕೊಳ್ಳಿ.

ಹಬ್ಬದ ತಿಂಗಳು ಹುಷಾರು. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಸೇವಂತಿಗೆ ಮಾರಿನ ಬೆಲೆಯನ್ನು ಸೆಪ್ಟೆಂಬರ್‌ಗೆ ಸೆಪ್ಟೆಂಬರ್ ಹೋಲಿಸಿದರೆ ಹೂವು ಧರೆಗಿಳಿದ ಹಾಗೆ ಕಾಣುತ್ತದೆ. ಹೂವು, ಬಾಳೆಹಣ್ಣನ್ನು ಹಬ್ಬಕ್ಕೆ ಹಬ್ಬ ಹೋಲಿಸಿ.

ಮನೆ ಬದಲಾಯಿಸಿದರೆ?

ಇದನ್ನು ಕೇಳಿದವಳು ಅಕ್ಕನೇ. ಎರಡು ರೂಮಿನ ಮನೆಯಿಂದ ಮೂರು ರೂಮಿನ ಮನೆಗೆ ಹೋದರೆ ಬಾಡಿಗೆ ಏರಿದ್ದೆಲ್ಲ ಹಣದುಬ್ಬರ ಅಲ್ಲ, ಅದು ಜಾಸ್ತಿ ಜಾಗ ಕೊಂಡ ಹಾಗೆ. ನಾವು ಮಾಡಿಕೊಂಡ ಉಪಾಯ ಇದು: ಬಿಟ್ಟುಬಂದ ಮನೆಗೆ ಹೊಸಬರು ಎಷ್ಟು ಕೊಡುತ್ತಿದ್ದಾರೆ ಅಂತ ಓನರ್ ಹತ್ತಿರ ಕೇಳಿ, ಅಲ್ಲಿಯ ಏರಿಕೆಯನ್ನೇ ಆ ವರ್ಷಕ್ಕೆ ಬರೆಯುವುದು. ಹೊಸ ಮನೆಯ ಬಾಡಿಗೆ ಮುಂದಿನ ವರ್ಷದಿಂದ ಲೆಕ್ಕಕ್ಕೆ.

ಸರ್ಕಾರದ ಅಂಕಿ ಬರುವುದು ಸಾಮಾನ್ಯವಾಗಿ ತಿಂಗಳ 12ರ ಸಂಜೆ, ರಾಜ್ಯವಾರು ಪಟ್ಟಿಯೂ ಅದರಲ್ಲೇ ಇರುತ್ತದೆ. ಅಕ್ಕ ಅಷ್ಟರೊಳಗೆ ತನ್ನ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿರುತ್ತಾಳೆ. ಕಾಯಿ ಸಾಲಿನ ಕೆಳಗೆ ಎರಡು ಗೀಟು.